ಕುದುರೆಮುಖದ ನೆತ್ತಿಯಲ್ಲಿ ಹದಿನಾರು ಗಂಟೆ: ದೂರದ ವಿಮಾನಯಾನದಲ್ಲಿ ದೇಹಕ್ಕೆ ಏನಾಗುತ್ತದೆ?

ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ವಿಮಾನಪ್ರಯಾಣ ಹೊಸದೇನಲ್ಲ. ಕೊಲ್ಲಿಯ ದೇಶಗಳಲ್ಲಿ ದುಡಿಯುವವರಿಗೆ ಬಜ್ಪೆಯಿಂದ ದುಬೈ ಸುಮಾರು ನಾಲ್ಕು ಗಂಟೆಯ ದಾರಿ. ಊಟ ಮುಗಿಸಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ. ಆದರೆ ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಅಮೆರಿಕಕ್ಕೆ ಹೊರಡುವ, ಅರುವತ್ತು ದಾಟಿದ ತಾಯಂದಿರ ಪ್ರಯಾಣ ಬೇರೆಯೇ ಬಗೆಯದು. ಉಡುಪಿಯಿಂದ ಬಜ್ಪೆಗೆ ಕಾರಿನಲ್ಲಿ ಒಂದೂವರೆ ಗಂಟೆ, ನಿಲ್ದಾಣದಲ್ಲಿ ಎರಡು ಮೂರು ಗಂಟೆ, ಮುಂಬೈಗೆ ಒಂದು ವಿಮಾನ, ಅಲ್ಲಿ ಅರ್ಧ ರಾತ್ರಿಯ ಕಾಯುವಿಕೆ, ಬಳಿಕ ನ್ಯೂಯಾರ್ಕ್ ಕಡೆಗೆ ಹದಿನೈದು ಹದಿನಾರು ಗಂಟೆಯ ಹಾರಾಟ. ಟಿಕೆಟಿನಲ್ಲಿ ಅಚ್ಚಾಗಿರುವುದು ಹಾರಾಟದ ಗಂಟೆಗಳು ಮಾತ್ರ. ದೇಹ ಲೆಕ್ಕ ಇಡುವುದು ಕುಳಿತ ಗಂಟೆಗಳನ್ನು.

ನನ್ನ ದೊಡ್ಡಮ್ಮ ಮೊದಲ ಬಾರಿಗೆ ಹೀಗೆ ಹೋದಾಗ ಅವರಿಗೆ ಕಿಟಕಿ ಬದಿಯ ಸೀಟು ಸಿಕ್ಕಿತ್ತು. ಪಕ್ಕದ ಇಬ್ಬರು ಅಪರಿಚಿತರು ನಿದ್ದೆ ಹೋಗಿದ್ದರಿಂದ ಅವರನ್ನು ಎಬ್ಬಿಸಲು ಮನಸ್ಸಾಗದೆ, ಶೌಚಾಲಯಕ್ಕೆ ಹೋಗುವ ಪ್ರಸಂಗವೇ ಬಾರದಿರಲಿ ಎಂದು ನೀರನ್ನೂ ಮುಟ್ಟದೆ, ಹನ್ನೆರಡು ಗಂಟೆಗೂ ಹೆಚ್ಚು ಕಾಲ ಅವರು ಕುಳಿತಲ್ಲಿಂದ ಏಳಲಿಲ್ಲ. ಇಳಿಯುವ ಹೊತ್ತಿಗೆ ಎರಡೂ ಪಾದಗಳು ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ. ಊತ ಎರಡು ದಿನಗಳಲ್ಲಿ ಇಳಿಯಿತು, ಬೇರೇನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ. ಆ ಘಟನೆಯ ಬಳಿಕ ಈ ವಿಷಯವನ್ನು ಗಮನವಿಟ್ಟು ಓದಿಕೊಂಡೆ. ದೂರದ ಹಾರಾಟದಲ್ಲಿ ದೇಹಕ್ಕೆ ಆಗುವ ತೊಂದರೆಗಳಿಗೆ ಮೂಲ ಮೂರು: ತೆಳುವಾದ ಗಾಳಿ, ಒಣಗಾಳಿ ಮತ್ತು ಅಲುಗಾಡದ ಕಾಲು. ಈ ಮೂರನ್ನೂ ಹೆಚ್ಚಿಸುವುದು ನಮ್ಮ ಕಡೆಯ ಹಿರಿಯರಲ್ಲಿ ಸಹಜವಾಗಿರುವ ಸಂಕೋಚ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಗಾಳಿಯ ವಿಚಾರ. ದೂರದ ವಿಮಾನಗಳು ಸಾಮಾನ್ಯವಾಗಿ 35,000 ಅಡಿಯ ಆಸುಪಾಸಿನಲ್ಲಿ ಹಾರುತ್ತವೆ. ಹೊರಗಿನ ಉಷ್ಣಾಂಶ ಅಲ್ಲಿ ಸೊನ್ನೆಗಿಂತ ಐವತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಗಾಳಿ ಮನುಷ್ಯ ಉಸಿರಾಡಿ ಬದುಕಲಾರದಷ್ಟು ವಿರಳವಾಗಿರುತ್ತದೆ. ಆದ್ದರಿಂದ ವಿಮಾನದ ಒಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಆದರೆ ಆ ಒತ್ತಡವನ್ನು ನಮ್ಮ ಕಡಲತೀರದ ಮಟ್ಟಕ್ಕೆ ತರುವುದಿಲ್ಲ. ಹಾಗೆ ತಂದರೆ ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಅಂತರ ಬಹಳವಾಗಿ ವಿಮಾನದ ಮೈ ಪ್ರತಿ ಹಾರಾಟದಲ್ಲೂ ಉಬ್ಬಿ ಕುಗ್ಗಿ ಬೇಗ ಸವೆಯುತ್ತದೆ. ಅದನ್ನು ತಾಳುವಂತೆ ಕಟ್ಟಿದರೆ ವಿಮಾನದ ತೂಕ ಹೆಚ್ಚುತ್ತದೆ. ಈ ಕಾರಣಕ್ಕೆ ಒಳಗಿನ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ನಿಲ್ಲಿಸುತ್ತಾರೆ. ಕುದುರೆಮುಖ ಶಿಖರದ ಎತ್ತರ ಸುಮಾರು 6,200 ಅಡಿ, ಊಟಿಯದು ಸುಮಾರು 7,350 ಅಡಿ. ಅಂದರೆ ಕಡಲ ಮಟ್ಟದಲ್ಲಿ ಬದುಕಿ ಅಭ್ಯಾಸವಾದ ನಾವು ಅರ್ಧ ಗಂಟೆಯೊಳಗೆ ಕುದುರೆಮುಖದ ನೆತ್ತಿಗೋ ಅದಕ್ಕಿಂತ ಮೇಲಕ್ಕೋ ಏರಿ, ಅಲ್ಲಿ ಇಡೀ ರಾತ್ರಿ ಕುಳಿತಂತೆ. ಬೋಯಿಂಗ್ 787, ಏರ್‌ಬಸ್ ಎ350ಯಂಥ ಹೊಸ ವಿಮಾನಗಳ ಮೈಯಲ್ಲಿ ಲೋಹದ ಬದಲು ಇಂಗಾಲದ ನಾರಿನ ಭಾಗ ಹೆಚ್ಚು ಇರುವುದರಿಂದ ಅವು ಹೆಚ್ಚಿನ ಒತ್ತಡ ತಾಳುತ್ತವೆ. ಅವುಗಳ ಒಳಗಿನ ಒತ್ತಡ ಸುಮಾರು 6,000 ಅಡಿ ಎತ್ತರದಲ್ಲಿರುವಷ್ಟು. ಆಯ್ಕೆ ಇದ್ದಾಗ ವಯಸ್ಸಾದವರಿಗೆ ಅಂಥ ವಿಮಾನದ ಟಿಕೆಟ್ ತೆಗೆಯುವುದು ಒಳ್ಳೆಯದು.

ಈ ಎತ್ತರದಲ್ಲಿ ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 97–98ರಿಂದ 90–93ರ ಆಸುಪಾಸಿಗೆ ಇಳಿಯಬಹುದು. ಅವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹೆಚ್ಚೆಂದರೆ ಸ್ವಲ್ಪ ಸುಸ್ತು, ಸಣ್ಣ ತಲೆನೋವು. ಆದರೆ ಹಳೆಯ ಉಬ್ಬಸ, ಬೀಡಿ ಸಿಗರೇಟಿನಿಂದ ಹಾಳಾದ ಶ್ವಾಸಕೋಶ, ದುರ್ಬಲ ಹೃದಯ ಅಥವಾ ತೀವ್ರ ರಕ್ತಹೀನತೆ ಇರುವವರು ನೆಲದ ಮೇಲೆಯೇ ಅಂಚಿನಲ್ಲಿರುತ್ತಾರೆ. ಅವರಿಗೆ ಈ ಇಳಿತವೇ ಅಪಾಯವಾಗಬಹುದು. ಮಹಡಿಯ ಒಂದು ಸುತ್ತು ಮೆಟ್ಟಿಲು ಹತ್ತುವಾಗಲೇ ಏದುಸಿರು ಬರುವವರು ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕಾಣಬೇಕು. ಹಾರಾಟದಲ್ಲಿ ಆಮ್ಲಜನಕ ಬೇಕೆಂದು ಅವರು ಬರೆದುಕೊಟ್ಟರೆ ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ. ಮನೆಯ ಸಿಲಿಂಡರನ್ನು ಹಿಡಿದುಕೊಂಡು ಹೋಗಿ ಹತ್ತಲು ಆಗುವುದಿಲ್ಲ.

ಒತ್ತಡ ಇಳಿದಾಗ ಗಾಳಿ ಹಿಗ್ಗುತ್ತದೆ, ಹೆಚ್ಚಿದಾಗ ಕುಗ್ಗುತ್ತದೆ. ಇಳಿಯುವ ಹೊತ್ತಿಗೆ ನೀರಿನ ಪ್ಲಾಸ್ಟಿಕ್ ಬಾಟಲಿ ನಜ್ಜುಗುಜ್ಜಾಗಿರುವುದನ್ನು ಗಮನಿಸಿದವರಿಗೆ ಇದು ಗೊತ್ತು. ದೇಹದೊಳಗೆ ಎಲ್ಲೆಲ್ಲಿ ಗಾಳಿ ಇದೆಯೋ ಅಲ್ಲೆಲ್ಲ ಇದೇ ನಡೆಯುತ್ತದೆ: ಹೊಟ್ಟೆಯ ವಾಯು ಕಾಲು ಭಾಗಕ್ಕಿಂತಲೂ ಹೆಚ್ಚು ಹಿಗ್ಗಬಲ್ಲದು. ಹೊರಡುವ ಮುನ್ನ ಬಂಧುಗಳ ಮನೆಯಲ್ಲಿ ಒತ್ತಾಯಕ್ಕೆ ಉಂಡ ಕಡಲೆ ಗಸಿ, ಹಲಸಿನ ಹಣ್ಣು, ಮೇಲೆ ಕುಡಿದ ಸೋಡಾ ಇವೆಲ್ಲ ಹೊಟ್ಟೆಯುಬ್ಬರವಾಗಿ ಕಾಡುವುದು ಆಕಾಶದಲ್ಲಿ. ಆ ದಿನದ ಮಟ್ಟಿಗೆ ಗಂಜಿ, ಇಡ್ಲಿ, ಮಜ್ಜಿಗೆ ಅನ್ನದಂಥ ಹಗುರವಾದ ಊಟ ಸಾಕು. ಇದೇ ನಿಯಮ ಹೊಟ್ಟೆಗಿಂತ ಗಂಭೀರವಾದ ಕಡೆಗಳಿಗೂ ಅನ್ವಯಿಸುತ್ತದೆ. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ಅನಿಲದ ಗುಳ್ಳೆ ತುಂಬಿಸಿಕೊಂಡವರು ಅದು ಪೂರ್ತಿ ಕರಗುವವರೆಗೆ, ಎಂದರೆ ಕೆಲವು ವಾರ, ಹಾರಲೇಬಾರದು. ಗುಳ್ಳೆ ಹಿಗ್ಗಿದರೆ ದೃಷ್ಟಿಯೇ ಹೋಗಬಹುದು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆದವರು ಹತ್ತು ದಿನವಾದರೂ ಕಾಯಬೇಕು. ರಜೆಗೆಂದು ಊರಿಗೆ ಬಂದು, ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿ, ಮರುದಿನ ಬೆಳಗ್ಗೆಯೇ ವಿಮಾನ ಹತ್ತುವ ಯುವಕರೂ ಇದನ್ನು ತಿಳಿದಿರಬೇಕು. ನೀರಿನಾಳದಲ್ಲಿ ರಕ್ತದೊಳಗೆ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಯಾಗಿ ಹೊರಬರುವ ಅಪಾಯ ಇರುವುದರಿಂದ ಮುಳುಗಿ ಎದ್ದ ಮೇಲೆ 24 ಗಂಟೆ ನೆಲದ ಮೇಲಿರುವುದು ಕ್ಷೇಮ.

ಕಿವಿನೋವಿನ ಕಾರಣವೂ ಇದೇ. ಆಗುಂಬೆ ಘಾಟಿಯ ತಿರುವುಗಳನ್ನು ಇಳಿದು ಸೋಮೇಶ್ವರ ತಲಪುವಾಗ ಕಿವಿ ಕಟ್ಟಿದಂತಾಗಿ, ಒಮ್ಮೆ ಎಂಜಲು ನುಂಗಿದೊಡನೆ ಟಪ್ಪೆಂದು ಬಿಡುವ ಅನುಭವ ನಮ್ಮ ಕಡೆಯವರಿಗೆಲ್ಲ ಇದೆ. ಕಿವಿತಮಟೆಯ ಹಿಂದಿನ ಗಾಳಿಯ ಕೋಣೆಯನ್ನು ಗಂಟಲಿನ ಹಿಂಭಾಗಕ್ಕೆ ಜೋಡಿಸುವ ಸಣ್ಣ ನಾಳವೊಂದಿದೆ. ಅದಕ್ಕೆ ಯೂಸ್ಟೇಷಿಯನ್ ನಾಳ ಎಂದು ಹೆಸರು. ಏರುವಾಗ ಕೋಣೆಯೊಳಗೆ ಹಿಗ್ಗಿದ ಗಾಳಿ ಈ ನಾಳದ ಮೂಲಕ ತಾನಾಗಿ ಹೊರಗೆ ಬರುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಹೋಗಬೇಕು. ಆದರೆ ನಾಳದ ಗಂಟಲಿನ ಕಡೆಯ ಬಾಯಿ ಮೆತ್ತಗಿರುವುದರಿಂದ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಅದು ತೆರೆಯುವುದು ನುಂಗುವಾಗ ಅಥವಾ ಆಕಳಿಸುವಾಗ ಅಲ್ಲಿನ ಸ್ನಾಯುಗಳು ಎಳೆದರೆ ಮಾತ್ರ. ಹೀಗಾಗಿ ನೋವು ಬರುವುದು ಹೆಚ್ಚಾಗಿ ಇಳಿಯುವಾಗ. ಇಳಿಯಲು ಸುಮಾರು ಅರ್ಧ ಗಂಟೆ ಇರುವಾಗಲೇ ಎಚ್ಚರಗೊಂಡು ಪೆಪ್ಪರಮಿಂಟೋ ಕಲ್ಲುಸಕ್ಕರೆಯೋ ಚೀಪುತ್ತ ಆಗಾಗ ನುಂಗುತ್ತಿರಬೇಕು. ನಿದ್ದೆಯಲ್ಲಿ ನುಂಗುವುದು ಕಡಿಮೆಯಾಗುವುದರಿಂದ ಆ ಹೊತ್ತಿನಲ್ಲಿ ಮಲಗಿರಬಾರದು. ಮೂಗು ಮುಚ್ಚಿ, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ಒತ್ತುವುದೂ ನೆರವಾಗುತ್ತದೆ, ಜೋರಾಗಿ ಒತ್ತಬಾರದು. ಎಳೆಯ ಮಗುವಿಗೆ ಆ ಹೊತ್ತಿನಲ್ಲಿ ಎದೆಹಾಲು ಅಥವಾ ಬಾಟಲಿ ಕೊಡಬೇಕು. ಕೈಗೂಸು ಇಳಿಯುವಾಗ ಅಳುವುದು ಹಟದಿಂದಲ್ಲ, ನೋವಿನಿಂದ. ಪಕ್ಕದ ಸೀಟಿನವರೂ ಇದನ್ನು ತಿಳಿದುಕೊಂಡರೆ ಆ ತಾಯಿಗೆ ಅರ್ಧ ಭಾರ ಇಳಿಯುತ್ತದೆ. ಜೋರು ಶೀತ ಇದ್ದರೆ ಈ ನಾಳ ಊದಿಕೊಂಡಿರುತ್ತದೆ. ಅಂಥವರು ವೈದ್ಯರನ್ನು ಕೇಳಿ ಮೂಗು ಬಿಡಿಸುವ ಹನಿಯನ್ನು ಇಳಿಯುವುದಕ್ಕೆ ಮೊದಲು ಬಿಟ್ಟುಕೊಳ್ಳಬಹುದು. ಬಿಪಿ ಇರುವವರು ಕೇಳದೆ ಬಳಸುವುದು ಸರಿಯಲ್ಲ.

ಒಣಗಾಳಿಯ ವಿಷಯ ಇಷ್ಟು ಜಟಿಲವಲ್ಲ. ಆಟಿಯ ಮಳೆಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಹಪ್ಪಳ ನೋಡನೋಡುತ್ತಿದ್ದಂತೆ ಮೆತ್ತಗಾಗುವಂಥ ತೇವದಲ್ಲಿ ಬದುಕುವವರು ನಾವು. ವಿಮಾನದೊಳಗೆ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಇದರಿಂದ ಇಡೀ ದೇಹ ನೀರು ಕಳೆದುಕೊಂಡು ಬಳಲುತ್ತದೆ ಎಂಬುದು ಉತ್ಪ್ರೇಕ್ಷೆ; ನಿಜವಾಗಿ ಒಣಗುವುದು ಮೂಗು, ಗಂಟಲು, ಕಣ್ಣು, ತುಟಿ. ಗಂಟೆಗೊಮ್ಮೆ ನಾಲ್ಕು ಗುಟುಕು ನೀರು ಕುಡಿಯುವುದು, ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕುವುದು, ತುಟಿ ಕೈಗಳಿಗೆ ತೆಂಗಿನೆಣ್ಣೆ ಸವರುವುದು ಸಾಕಾಗುತ್ತದೆ. ಮೂಗಿನೊಳಗೆ ಎಣ್ಣೆ ಬಿಡುವುದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಒಳ್ಳೆಯದು. ಭದ್ರತಾ ತಪಾಸಣೆಯಲ್ಲಿ ನೀರು ತುಂಬಿದ ಬಾಟಲಿ ಬಿಡುವುದಿಲ್ಲವಾದರೂ ಖಾಲಿ ಬಾಟಲಿಯನ್ನು ಒಯ್ದು ಒಳಗೆ ತುಂಬಿಸಿಕೊಳ್ಳಬಹುದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನೀರಿನ ಮಿತಿ ಹೇಳಿಸಿಕೊಂಡವರು ಆ ಮಿತಿಯನ್ನು ವಿಮಾನದಲ್ಲಿಯೂ ಪಾಲಿಸಬೇಕು.

ವಿಮಾನದ ಗಾಳಿ ಕೊಳಕು, ಒಬ್ಬರ ಕೆಮ್ಮು ಎಲ್ಲರಿಗೂ ಹರಡುತ್ತದೆ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಒಳಗಿನ ಗಾಳಿ ಗಂಟೆಗೆ ಇಪ್ಪತ್ತು ಬಾರಿಯಾದರೂ ಬದಲಾಗುತ್ತದೆ, ಮರಳಿ ಬಳಸುವ ಭಾಗ 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ನ್ನು ಹಿಡಿಯುವ ಹೆಪಾ ಸೋಸುಕಗಳ ಮೂಲಕ ಹಾಯ್ದು ಬರುತ್ತದೆ. ಸೋಂಕು ತಗಲುವುದು ಹೆಚ್ಚಾಗಿ ಪಕ್ಕದ, ಹಿಂದಿನ, ಮುಂದಿನ ಸೀಟಿನವರಿಂದ ಮತ್ತು ನಮ್ಮದೇ ಕೈಗಳಿಂದ. ಮಾಸ್ಕ್ ಹಾಕಿಕೊಂಡು, ಊಟಕ್ಕೆ ಮೊದಲು ಕೈ ಶುಚಿ ಮಾಡಿಕೊಂಡರೆ ಬಹುಮಟ್ಟಿನ ರಕ್ಷಣೆ ಸಿಗುತ್ತದೆ.

ಇನ್ನು ಕಾಲಿನ ವಿಚಾರ; ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಇದು. ಹೃದಯ ಪಾದದವರೆಗೆ ರಕ್ತವನ್ನು ತಳ್ಳುತ್ತದೆ, ಆದರೆ ಅಲ್ಲಿಂದ ಮೇಲೆತ್ತುವ ಕೆಲಸದಲ್ಲಿ ದೊಡ್ಡ ಪಾಲು ಮೀನಖಂಡದ್ದು. ಹಿಂದೆ ನಮ್ಮ ತೋಟಗಳಲ್ಲಿದ್ದ ಏತದಂತೆ, ಪ್ರತಿ ಹೆಜ್ಜೆಗೂ ಮೀನಖಂಡ ಬಿಗಿದು, ಒಳಗಿನ ರಕ್ತನಾಳವನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ಕಳುಹಿಸುತ್ತದೆ. ನಾಳದೊಳಗಿನ ಕವಾಟಗಳು ಅದು ಮರಳಿ ಇಳಿಯದಂತೆ ತಡೆಯುತ್ತವೆ. ಮೊಣಕಾಲು ಮಡಚಿ ಗಂಟೆಗಟ್ಟಲೆ ಕುಳಿತರೆ ಏತ ನಿಲ್ಲುತ್ತದೆ. ದ್ರವ ಚರ್ಮದಡಿಗೆ ಜಿನುಗಿ ಪಾದ ಊದುತ್ತದೆ. ಇದು ಬಹಳ ಮಂದಿಗೆ ಆಗುವುದು, ತಾನಾಗಿ ಇಳಿಯುವುದು. ಕೆಲವರಲ್ಲಿ ಮಾತ್ರ ನಿಂತ ರಕ್ತ ಒಳಗಿನ ದೊಡ್ಡ ನಾಳದಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಇದು ವಿಮಾನದ ರೋಗವಲ್ಲ, ಕುಳಿತಿರುವುದರ ಫಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ನೆಲಮಾಳಿಗೆಗಳ ಮಡಚುಕುರ್ಚಿಗಳಲ್ಲಿ ರಾತ್ರಿಯಿಡೀ ಕುಳಿತಿದ್ದವರಲ್ಲಿ ಇಂಥ ಸಾವುಗಳು ಹೆಚ್ಚಿದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ದಾಖಲಿಸಿದ್ದರು. ವಿಮಾನದ ಅಗ್ಗದ ದರ್ಜೆಯ ಹೆಸರನ್ನು ಇದಕ್ಕೆ ಅಂಟಿಸಿ ‘ಇಕಾನಮಿ ಕ್ಲಾಸ್ ಸಿಂಡ್ರೋಮ್’ ಎಂದು ಕರೆದದ್ದು 1977ರಲ್ಲಿ. ಆದರೆ ದುಬಾರಿ ಸೀಟಿನಲ್ಲಿ ಅಲುಗಾಡದೆ ಕುಳಿತವರಿಗೂ, ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೂ ಇದು ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಾಲ್ಕು ಗಂಟೆಗಿಂತ ದೀರ್ಘವಾದ ಪ್ರಯಾಣದ ಬಳಿಕ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಹಾಗಿದ್ದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಆಗುವಷ್ಟು ಅಪರೂಪ. ಹಿಂದೊಮ್ಮೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಮೊಣಕಾಲು ಅಥವಾ ಸೊಂಟದ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಗುಳಿಗೆ ಸೇವಿಸುವವರು, ಬೊಜ್ಜಿರುವವರು ಹೆಚ್ಚು ಜಾಗ್ರತೆ ವಹಿಸಬೇಕು. ಇನ್ನೊಂದು ಗುಂಪಿನವರತ್ತ ಯಾರ ಗಮನವೂ ಹೋಗುವುದಿಲ್ಲ: ಗಿಡ್ಡಗಿರುವವರು. ಪಾದ ನೆಲಕ್ಕೆ ಸರಿಯಾಗಿ ಊರದಿದ್ದಾಗ ಸೀಟಿನ ಅಂಚು ಮೊಣಕಾಲಿನ ಹಿಂಭಾಗವನ್ನು ಒತ್ತಿ ರಕ್ತದ ಹಾದಿಗೆ ಅಡ್ಡವಾಗುತ್ತದೆ. ನಮ್ಮ ತಾಯಂದಿರಲ್ಲಿ ಎಷ್ಟೋ ಮಂದಿ ಐದು ಅಡಿಯ ಆಸುಪಾಸಿನವರು. ಅವರ ಪಾದದಡಿಗೆ ಒಂದು ಸಣ್ಣ ಕೈಚೀಲ, ಸೊಂಟದ ಹಿಂದೆ ಸುತ್ತಿದ ಬೈರಾಸು ಇಟ್ಟರೆ ಆ ಒತ್ತಡವೂ ತಪ್ಪುತ್ತದೆ, ಬೆನ್ನುನೋವೂ ಕಡಿಮೆಯಾಗುತ್ತದೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಟಿಕೆಟ್ ತೆಗೆಯುವಾಗಲೇ ನಡೆದಾಡುವ ದಾರಿಯ ಬದಿಯ ಸೀಟನ್ನು ಹಿಡಿಯಬೇಕು, ಅದಕ್ಕೆ ಸ್ವಲ್ಪ ಹಣ ಹೆಚ್ಚಾದರೂ ಸರಿ. ಕಿಟಕಿಯ ನೋಟ ಮೊದಲ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎಚ್ಚರವಿರುವಾಗ ಒಂದೆರಡು ಗಂಟೆಗೊಮ್ಮೆ ಎದ್ದು ವಿಮಾನದ ಹಿಂಭಾಗದವರೆಗೆ ನಡೆದು ಬರಬೇಕು. ಕುಳಿತಲ್ಲಿಯೇ ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಹೀಗೆ ಇಪ್ಪತ್ತು ಬಾರಿ ಮಾಡಿದರೆ ಏತ ಮತ್ತೆ ಓಡತೊಡಗುತ್ತದೆ. ಪಾದದ ಬಳಿ ಬಿಗಿಯಾಗಿ ಮೇಲಕ್ಕೆ ಹೋದಂತೆ ಸಡಿಲವಾಗುವ, ಮೊಣಕಾಲಿನವರೆಗಿನ ವೈದ್ಯಕೀಯ ಕಾಲುಚೀಲಗಳು ಊತವನ್ನೂ ಹೆಪ್ಪುಗಟ್ಟುವಿಕೆಯನ್ನೂ ಕಡಿಮೆ ಮಾಡುತ್ತವೆ. ಅವನ್ನು ಅಳತೆ ಕೊಟ್ಟೇ ಕೊಳ್ಳಬೇಕು, ಮೇಲ್ತುದಿ ಮಡಚಿಕೊಂಡು ಕಾಲನ್ನು ಬಿಗಿಯುವಂತಿರಬಾರದು. ಶುಗರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರವೇ ಕೆಟ್ಟಿರುವವರು ವೈದ್ಯರನ್ನು ಕೇಳದೆ ಇವನ್ನು ಹಾಕಬಾರದು. ಪ್ರಯಾಣಕ್ಕೆಂದೇ ಆಸ್ಪಿರಿನ್ ನುಂಗುವ ರೂಢಿ ಕೆಲವರಲ್ಲಿದೆ. ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲ ಮಾತ್ರೆಯನ್ನು ಇಷ್ಟಕ್ಕಾಗಿ ತಾನಾಗಿ ಸೇವಿಸುವುದು ತಪ್ಪು. ನಿದ್ದೆ ಮಾತ್ರೆಯೂ ಮದ್ಯವೂ ಇನ್ನೂ ಕೆಟ್ಟವು. ಮನುಷ್ಯ ಒಂದೇ ಭಂಗಿಯಲ್ಲಿ ಮರದ ತುಂಡಿನಂತೆ ಬಿದ್ದಿರುತ್ತಾನೆ, ಉಸಿರಾಟವೂ ತಗ್ಗುತ್ತದೆ.

ಗಾಲಿಕುರ್ಚಿಯ ಬಗ್ಗೆ ಒಂದು ಮಾತು. ಭಾಷೆ ಬಾರದ ನಿಲ್ದಾಣದಲ್ಲಿ ದಾರಿ ತಪ್ಪಬಾರದೆಂದು ಮಕ್ಕಳು ತಂದೆತಾಯಿಗೆ ಗಾಲಿಕುರ್ಚಿ ಕೇಳಿಡುವುದು ವಾಡಿಕೆ, ಅದು ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ನಡೆಯಬಲ್ಲವರು ಎರಡು ಹಾರಾಟಗಳ ನಡುವಿನ ಐದಾರು ಗಂಟೆಯನ್ನೂ ಅದರಲ್ಲೇ ಕುಳಿತು ಕಳೆದರೆ ಕಾಲಿಗೆ ಸಿಗಬೇಕಾದ ಒಂದೇ ಬಿಡುವೂ ತಪ್ಪುತ್ತದೆ. ಸಹಾಯಕರೊಡನೆ ಗೇಟಿನವರೆಗೆ ಹೋಗಿ, ಅಲ್ಲಿ ಎದ್ದು, ಕಣ್ಣಳತೆಯಲ್ಲೇ ಹತ್ತು ನಿಮಿಷ ಅತ್ತಿತ್ತ ನಡೆಯಬೇಕೆಂದು ಅವರಿಗೆ ಹೊರಡುವ ಮೊದಲೇ ಹೇಳಿಡಬೇಕು.

ಇಳಿದ ಮೇಲೂ ಕೆಲವು ವಾರ ಕಾಲನ್ನು ಗಮನಿಸುತ್ತಿರಬೇಕು. ಎರಡೂ ಪಾದ ಸಮನಾಗಿ ಊದಿ ನೋವಿಲ್ಲದಿದ್ದರೆ ಭಯ ಬೇಡ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದು, ಮುಟ್ಟಿದರೆ ಬಿಸಿಯಾಗಿದ್ದರೆ ಅಂದೇ ವೈದ್ಯರ ಬಳಿ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆಯಲ್ಲಿ ಚುಚ್ಚಿದಂಥ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಅದು ತುರ್ತು ಪರಿಸ್ಥಿತಿ. ಪರದೇಶದಲ್ಲಿ ಮಗಳಿಗೆ ಖರ್ಚಾದೀತೆಂದು ಎದೆನೋವನ್ನು ಮುಚ್ಚಿಡುವ ತಾಯಂದಿರು ಇದ್ದಾರೆ. ಪ್ರವಾಸದ ಆರೋಗ್ಯವಿಮೆಯನ್ನು ಮೊದಲೇ ಮಾಡಿಸಿ, ಅದು ಇರುವುದು ಇಂಥ ಹೊತ್ತಿಗೇ ಎಂದು ಅವರಿಗೆ ತಿಳಿಸಿ ಹೇಳಬೇಕು.

ಔಷಧಗಳೆಲ್ಲ ಕೈಚೀಲದಲ್ಲೇ ಇರಲಿ. ಕೆಳಗಿನ ಸಾಮಾನಿನ ಜಾಗದಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುವ ಅಪಾಯವಿದೆ, ಪೆಟ್ಟಿಗೆ ದಾರಿ ತಪ್ಪಿದರೆ ಬಿಪಿ ಮಾತ್ರೆಯೂ ಹೋದಂತೆ. ವೈದ್ಯರ ಚೀಟಿ ಜೊತೆಗಿರಬೇಕು. ನಮ್ಮಲ್ಲಿ ಚೀಟಿ ತೋರಿಸಿ ಸುಲಭವಾಗಿ ಸಿಗುವ ಕೋಡೀನ್, ಟ್ರಮಡಾಲ್ ಇರುವ ಕೆಮ್ಮಿನ ಮತ್ತು ನೋವಿನ ಔಷಧಗಳು ಕೊಲ್ಲಿಯ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ಪರಿಚಯದವರು ತಲಪಿಸಿ ಎಂದು ಕೊಟ್ಟ ಮಾತ್ರೆಯ ಪೊಟ್ಟಣವನ್ನು ಏನೆಂದು ತಿಳಿಯದೆ ಒಯ್ಯಬಾರದು.

ಉಳಿದದ್ದು ಹೊತ್ತಿನ ಏರುಪೇರು. ದುಬೈಗೂ ನಮಗೂ ಒಂದೂವರೆ ಗಂಟೆಯ ವ್ಯತ್ಯಾಸ, ದೇಹಕ್ಕೆ ಅದು ಲೆಕ್ಕಕ್ಕಿಲ್ಲ. ನ್ಯೂಯಾರ್ಕ್ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಮಿದುಳಿನೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಹಾಗಾಗಿ ಪೂರ್ತಿ ಹೊಂದಿಕೊಳ್ಳಲು ಒಂದು ವಾರಕ್ಕಿಂತ ಹೆಚ್ಚು ಬೇಕು. ಅದರ ಸ್ವಂತ ಓಟ 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ ದಿನ ಉದ್ದವಾಗುವ ಪಶ್ಚಿಮದ ಪ್ರಯಾಣಕ್ಕಿಂತ, ಊರಿಗೆ ಮರಳುವ ಪೂರ್ವದ ಪ್ರಯಾಣ ಹೆಚ್ಚು ದಣಿಸುತ್ತದೆ. ಗಡಿಯಾರವನ್ನು ತಿರುಗಿಸುವ ಮುಖ್ಯ ಕೈ ಬೆಳಕು. ಹೋದ ಊರಿನಲ್ಲಿ ಹಗಲು ಹೊರಗೆ ನಡೆದಾಡಬೇಕು, ಅಲ್ಲಿನ ಹೊತ್ತಿಗೇ ಉಣ್ಣಬೇಕು, ಹಗಲು ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಡೋಸ್ ಲೆಕ್ಕ ಈ ಉದ್ದ ಗಿಡ್ಡ ದಿನಗಳಲ್ಲಿ ತಪ್ಪುವುದರಿಂದ, ಹೊರಡುವ ಮುನ್ನ ಹಾರಾಟದ ಸಮಯಗಳನ್ನು ವೈದ್ಯರಿಗೆ ತೋರಿಸಿ ಗಂಟೆಗಂಟೆಯಾಗಿ ಬರೆಸಿಕೊಳ್ಳಬೇಕು. ಮೊದಲ ಕೆಲವು ರಾತ್ರಿ ಹಿರಿಯರಿಗೆ ಎರಡು ಗಂಟೆಗೆಲ್ಲ ಎಚ್ಚರವಾಗುತ್ತದೆ. ಮನೆಯವರ ನಿದ್ದೆ ಕೆಡದಿರಲೆಂದು ಅವರು ದೀಪ ಹಾಕದೆ, ಪರಿಚಯವಿಲ್ಲದ ಮನೆಯ ಮರದ ಮೆಟ್ಟಿಲುಗಳನ್ನು ಕತ್ತಲಲ್ಲಿ ತಡವರಿಸಿಕೊಂಡು ಅಡುಗೆಮನೆಗೆ ಇಳಿಯುತ್ತಾರೆ. ಅವರ ಕೋಣೆಯಿಂದ ಬಚ್ಚಲಿನವರೆಗೆ ಸಣ್ಣ ದೀಪವೊಂದು ರಾತ್ರಿಯಿಡೀ ಉರಿಯುತ್ತಿರಲಿ, ಮಂಚದ ಪಕ್ಕದಲ್ಲೇ ನೀರು ಮತ್ತು ತಿನ್ನಲು ನಾಲ್ಕು ಬಿಸ್ಕತ್ತು ಇರಲಿ.